ಸೆರಗಿನಡಿಯ ಬೀಗದ ಕೈ

ಆಗ ನನಗೆ ಐವತ್ತು. ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಹೊಳಲ್ಕೆರೆಯ ಒಂದು ಗೊಬ್ಬರದ ಸಂಘದಲ್ಲಿ ಕಸ ಹೊಡೆದು, ನೀರು ತುಂಬಿ, ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವ ಕೆಲಸ ನನ್ನದು. ಅಲ್ಲಿ ಕಂಪ್ಯೂಟರಿಗೆ ಕೂರುತ್ತಿದ್ದವಳು ಮಾಡದಕೆರೆ ಕಡೆಯ ವಿಶಾಲಾಕ್ಷಿ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಹಾಗೆ ಅವಳು ದಿನಾ ಬೆಳಿಗ್ಗೆ ಸೆರಗನ್ನು ಕೀಬೋರ್ಡಿನ ಮೇಲೆ ಹರಡಿ, ಅದರಡಿ ಬೆರಳಾಡಿಸಿ, ಒಂದು ಗುಟ್ಟಿನ ಪದ ಒತ್ತುತ್ತಿದ್ದಳು. ಪಕ್ಕದಲ್ಲಿ ಸಂಘದ ಅಧ್ಯಕ್ಷರೇ ನಿಂತಿರಲಿ, ಸೆರಗು ಹರಡಿಯೇ ಹರಡುವಳು. ಹೊಸದರಲ್ಲಿ ನನಗೆ ನಗು ಬಂತು.

"ಏನವ್ವಾ, ಎತ್ತು ಮಾರ್ತಾ ಇದ್ದೀಯೇನು?" ಅಂದೆ.

"ಹೂಂ ಕಣಕ್ಕ, ಸಂಘದ ಎತ್ತು. ಯಾರಿಗೂ ಮಾರಲ್ಲ ಅಂತ ಹೇಳ್ತಾ ಇದ್ದೀನಿ" ಅಂದಳು.

ಗಿಡ್ಡ ಆಳು, ದಪ್ಪ ಕನ್ನಡಕ, ದೊಡ್ಡ ಗಂಟಲು. ಯಾರ ಜೊತೆಗೂ ನಯವಾಗಿ ಮಾತಾಡಿದ್ದನ್ನು ನಾನು ಕಾಣೆ. ಟೀ ಕೊಟ್ಟರೆ "ಸಕ್ಕರೆ ಸುರ್ದಿದ್ದೀಯ" ಅಂತ ಬೈಯುವಳು, ತಳದವರೆಗೂ ಕುಡಿಯುವಳು. ನನಗೂ ನಯ ಗೊತ್ತಿಲ್ಲ. ಅದಕ್ಕೇ ನಮಗಿಬ್ಬರಿಗೂ ಹೊಂದಿಕೆಯಾಯಿತು ಅಂತ ಕಾಣುತ್ತದೆ.

ಅವಳ ಕೆಲಸ ಇಷ್ಟು. ಗೊಬ್ಬರ ಬೇಕಾದ ಸದಸ್ಯರು ಹೆಸರು ಹೇಳುತ್ತಾರೆ. ಬಂದವರು ಬಂದ ಹಾಗೆ ಅವರ ಸರದಿ ಚಿತ್ರದುರ್ಗದ ಹೆಡ್ಡಾಫೀಸಿನಲ್ಲಿರುವ ದೊಡ್ಡ ಮಿಷನ್ನಿನಲ್ಲಿ ಕೂರಬೇಕು. ನಮ್ಮ ಮಿಷನ್ನಿನಿಂದ ಫೋನಿನ ತಂತಿಯ ಮೇಲೆ ಅಲ್ಲಿಗೆ ಹೋಗಿ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಹೋಗಲು ಎರಡು ದಾರಿ. ಒಂದು, ಬಣ್ಣದ ಚಿತ್ರ ಒತ್ತುತ್ತಾ ಹೋಗುವುದು. ಇನ್ನೊಂದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೊಂದೇ ಸಾಲು ಹುಕುಂ ಬರೆಯುವುದು. ಅವಳಿಗೆ ಕಪ್ಪು ಪರದೆಯೇ ಸೈ. "ಇದು ನಾ ಹೇಳಿದ್ದಷ್ಟೇ ಮಾಡ್ತೈತೆ. ತನ್ನ ದೊಡ್ಡಸ್ತಿಕೆ ತೋರ್ಸಲ್ಲ" ಅನ್ನುವಳು. ಎರಡು ಗುಟುಕು ನೀರು ಕುಡಿಯಲು ಎದ್ದರೂ ಆ ಬಾಗಿಲು ಮುಚ್ಚಿಯೇ ಏಳುವಳು.

ಅವಳು ಬರುವ ಮುಂಚೆ ಆಫೀಸಿಗೆಲ್ಲ ಒಂದೇ ಹೆಸರು, ಒಂದೇ ಗುಟ್ಟಿನ ಪದ. ಅದನ್ನೂ ಚೀಟಿಯಲ್ಲಿ ಬರೆದು ಪರದೆಯ ಮೇಲೇ ಅಂಟಿಸಿದ್ದರು. ಬಂದ ವಾರವೇ ಅದನ್ನು ಕಿತ್ತು ಹರಿದಳು. ಕಾರ್ಯದರ್ಶಿ ರುದ್ರಪ್ಪನವರು ರೇಗಿದರು. "ನಾವೆಲ್ಲ ಒಂದೇ ಮನೆಯೋರಿದ್ದಂಗೆ ಕಣಮ್ಮ. ನಮ್ಮನಮ್ಮಲ್ಲಿ ಎಂಥ ಗುಟ್ಟು?"

"ಒಂದೇ ಮನೆಯೋರಾದ್ರೆ ಒಂದೇ ಬೇವಿನ ಕಡ್ಡೀಲಿ ಎಲ್ರೂ ಹಲ್ಲುಜ್ತೀರೇನ್ರಿ?" ಅಂದಳು ವಿಶಾಲಾಕ್ಷಿ.

ಅವಳು ಹೆಡ್ಡಾಫೀಸಿನ ಬೆನ್ನು ಹತ್ತಿ ಒಬ್ಬೊಬ್ಬರಿಗೆ ಒಂದೊಂದು ಹೆಸರು ಮಾಡಿಸಿದಳು. ಯಾರು ಏನು ಮಾಡಿದರೂ ಅವರ ಹೆಸರಿನಲ್ಲೇ ಅಲ್ಲಿ ದಾಖಲಾಗುತ್ತದೆ. ಸರದಿ ತಿದ್ದುವ ಅಧಿಕಾರ ಇದ್ದದ್ದು ಅವಳ ಹೆಸರಿಗೆ ಮಾತ್ರ.

ಒಂದು ದಿನ ಬೆಳಿಗ್ಗೆ ಕಪ್ಪು ಪರದೆ ಅವಳನ್ನು ಒಳಗೆ ಬಿಡಲಿಲ್ಲ. ಆ ಕಡೆಯ ಮಿಷನ್ನಿನ ಗುರುತು ಬದಲಾಗಿದೆ, ಮುಂದೆ ಹೋಗಬೇಕೋ ಬೇಡವೋ ಅಂತ ಕೇಳಿತಂತೆ. ಹೊರಗೆ ಜನ ಬಿಸಿಲಿಗೆ ಬೇಯುತ್ತಿದ್ದರು. "ಹೂಂ ಅಂತ ಒತ್ತಮ್ಮ, ಅತ್ಲಾಗೆ!" ಅಂದರು ರುದ್ರಪ್ಪನವರು.

"ನಿಮ್ಮನೆ ಬಾಗಿಲಿಗೆ ಯಾವನೋ ಬಂದು ನಿಮ್ಮ ಭಾವ ಅಂತಾನೆ. ಮುಖ ಬೇರೆ ಐತೆ. ಹೂಂ ಅಂತ ಒಳಗೆ ಕರೀತೀರಾ?"

ಚಿತ್ರದುರ್ಗಕ್ಕೆ ಫೋನು ಮಾಡಿ, ಪರದೆಯ ಮೇಲಿದ್ದ ಉದ್ದನೆಯ ಗುರುತನ್ನು ಒಂದೊಂದೇ ಅಕ್ಷರ ಓದಿ ಹೇಳಿ ತಾಳೆ ನೋಡಿದಳು. ಊಟದ ಹೊತ್ತಾಯಿತು. ಆಮೇಲೆ ತಿಳಿದದ್ದು, ಅಲ್ಲಿ ಹಳೇ ಮಿಷನ್ ತೆಗೆದು ಹೊಸದು ಇಟ್ಟಿದ್ದರಂತೆ, ಅಷ್ಟೇ. ಜನ ಬಾಯಿಗೆ ಬಂದ ಹಾಗೆ ಬೈದರು. ನಾನೂ ಬೈದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ವರ್ಷ ಹಿಂಗಾರಿ ಬಿತ್ತನೆಗೆ ಗೊಬ್ಬರ ಕಡಿಮೆ ಬಂತು. ಸರದಿಯಲ್ಲಿ ಮುಂದಿದ್ದವರಿಗೆ ಉಂಟು, ಹಿಂದಿದ್ದವರಿಗೆ ಇಲ್ಲ. ನೆಲದ ಹದ ಯಾರಿಗೂ ಕಾಯುವುದಿಲ್ಲ. ವಿಜಯದಶಮಿಯ ಬೆಳಿಗ್ಗೆ ಮೊದಲ ಚೀಲ ಹೊರಡಿಸುವುದು ನಮ್ಮ ಸಂಘದ ವಾಡಿಕೆ. ಹಿಂದಿನ ದಿನ ಆಯುಧಪೂಜೆ. ಗೋದಾಮಿನದು, ತಿಜೋರಿಯದು, ಜೀಪಿನದು, ಎಲ್ಲ ಬೀಗದ ಕೈಗಳನ್ನೂ ತಟ್ಟೆಯಲ್ಲಿಟ್ಟರು. ತಕ್ಕಡಿಗೂ ಕಂಪ್ಯೂಟರಿಗೂ ವಿಭೂತಿ ಬಳಿದು ಚೆಂಡುಹೂವು ಮುಡಿಸಿದರು. ಪೂಜೆಯಾದ ಮೇಲೆ ಮಾರನೆಯ ಬೆಳಿಗ್ಗೆಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ.

ಅಧ್ಯಕ್ಷರಿಗೆ ಯಾವಾಗಲೂ ಅವಸರ. ಪೂಜೆಗೆ ಬಂದಿದ್ದ ಅಯ್ನೋರನ್ನು ಅವಸರಪಡಿಸಿ ಮಂಗಳಾರತಿ ಮಾಡಿಸಿ, ತಾವೇ ಬೂದುಗುಂಬಳ ಒಡೆದರು. ಒಡೆದ ಮೇಲೆ ಅವರಿಗೆ ನೆನಪಾಯಿತು, ತಮ್ಮ ಕಡೆಯವರ ಹೆಸರುಗಳನ್ನು ಸರದಿಯಲ್ಲಿ ಮೇಲಕ್ಕೆ ಹಾಕಿಸುವುದು ಬಾಕಿಯಿದೆ ಅಂತ. ಈಗ ಮಿಷನ್ ಮುಟ್ಟಿಸಿದರೆ ನೆರೆದ ಜನ ಸುಮ್ಮನಿರುವುದಿಲ್ಲ. ಕೈ ಒರೆಸಿಕೊಳ್ಳುತ್ತಾ ವಿಶಾಲಾಕ್ಷಿಯ ಕಡೆ ತಿರುಗಿದರು.

"ಏನಮ್ಮ, ಎಲ್ಲಾ ಬೀಗದ ಕೈನೂ ತಟ್ಟೇಲಿ ಅವೆ, ನಿಂದೊಂದೇ ಇಲ್ಲ. ಆ ಪದಾನೂ ಬರ್ದು ದೇವ್ರ ಮುಂದೆ ಇಡು. ಬೆಳಿಗ್ಗೆ ಎದ್ದು ನಾವೇ ನೋಡ್ಕಂತೀವಿ."

ಅಲ್ಲಿದ್ದ ಸಂಘದವರಿಗೆಲ್ಲ ಅರ್ಥವಾಯಿತು. ಆ ಪದ ಹಾಕಿ ಯಾರು ತಿದ್ದಿದರೂ ಚಿತ್ರದುರ್ಗದಲ್ಲಿ ದಾಖಲಾಗುವುದು ವಿಶಾಲಾಕ್ಷಿಯ ಹೆಸರು.

"ನಂದು ತಲೆಯೊಳಗೈತೆ ಸರ್. ಪೂಜೆ ಆಗ್ಬೇಕಂದ್ರೆ ಇಲ್ಲಿಗೇ ಇಡ್ರಿ ಕುಂಕುಮ" ಅಂತ ಹಣೆ ಮುಂದೆ ಮಾಡಿದಳು. ಅಯ್ನೋರಿಗೆ ವಿಷಯ ಗೊತ್ತಿಲ್ಲ, ಇಟ್ಟೇಬಿಟ್ಟರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಕಪ್ಪಿಟ್ಟಿತು.

ರುದ್ರಪ್ಪನವರು ಅವಳ ಕಿವಿಯ ಹತ್ತಿರ ಬಗ್ಗಿದರು. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು. "ಪೂಜೆ ಆಗೈತೆ, ಇವತ್ತು ಬೇಡ ಅನ್ನಮ್ಮ. ಅವ್ರ ಮಾನಾನೂ ಉಳೀತೈತೆ, ನಿನ್ನ ಕೆಲ್ಸಾನೂ ಉಳೀತೈತೆ." ಒಳ್ಳೆಯ ಉಪಾಯವೇ. ನಾನಾಗಿದ್ದರೆ ಹಿಡಿದುಕೊಳ್ಳುತ್ತಿದ್ದೆ.

ಅವಳು ಎಲ್ಲರಿಗೂ ಕೇಳುವಂತೆ ಅಂದಳು: "ದೇವ್ರನ್ನ ಯಾಕ್ರಿ ಅಡ್ಡ ತರ್ತೀರಿ? ಪೂಜೆ ಆಗ್ದೇ ಇದ್ದಿದ್ರೂ ಕೊಡ್ತಿರ್ಲಿಲ್ಲ. ನಾಳೆ ಪೂಜೆ ತೆಗೆದ್ಮೇಲೂ ಕೊಡಲ್ಲ."

"ಹಂಗಾದ್ರೆ ನಾಳೆಯಿಂದ ಬರ್ಬೇಡ ನೀನು!" ಅಂದರು ಅಧ್ಯಕ್ಷರು.

"ಆಗ್ಲಿ ಸರ್."

ಕೂಗಾಡಲಿಲ್ಲ, ಅಳಲಿಲ್ಲ. ಅವರ ಎದುರಿಗೇ ಫೋನೆತ್ತಿ ಹೆಡ್ಡಾಫೀಸಿಗೆ ಹಚ್ಚಿದಳು. "ಅಣ್ಣಾ, ನಿಮ್ಮಲ್ಲಿ ಪೂಜೆ ಆಯ್ತಾ? ಇನ್ನೂ ಇಲ್ವಾ? ಒಳ್ಳೇದೇ ಆಯ್ತು. ನನ್ನ ಹೆಸರಿನ ಬಾಗಿಲು ಈಗ್ಲೇ ಮುಚ್ಚು. ಹೂಂ, ಕೆಲ್ಸ ಬಿಟ್ಟೆ. ಬೇರೆ ಹೆಸರು ಮಾಡಿಕೊಡಿ ಅಂತ ಇಲ್ಲಿಂದ ಯಾರು ಕೇಳಿದ್ರೂ, ಯಾಕೆ ಅಂತ ಕೇಳು." ಆ ಕಡೆಯವನು ಮುಚ್ಚಿದೆ ಅನ್ನುವವರೆಗೂ ಫೋನು ಇಡಲಿಲ್ಲ.

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಏನು ಸಿಕ್ತವ್ವ ನಿಂಗೆ ಇದ್ರಿಂದ?"

"ಏನೂ ಸಿಗ್ಲಿಲ್ಲ ಕಣಕ್ಕ. ಅವ್ರಿಗೂ ಸಿಗ್ಲಿಲ್ಲ" ಅಂದು ಹೊಸದುರ್ಗದ ಬಸ್ಸಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಆಮೇಲೆ ನಾನು ಅವಳನ್ನು ಕಂಡಿಲ್ಲ. ಹಿರಿಯೂರಿನಲ್ಲಿದ್ದಾಳೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ನಾನು ಹುಡುಕಿಕೊಂಡು ಹೋಗಲಿಲ್ಲ. ಹೋಗಿದ್ದರೆ ಯಾಕೆ ಬಂದೆ ಅನ್ನುತ್ತಿದ್ದಳು.

ಸಂಜೆ ಬಾಗಿಲು ಹಾಕುವಾಗ ರುದ್ರಪ್ಪನವರು ನನಗೆ ಹೇಳಿದರು: "ಬೆಳಿಗ್ಗೆ ಬಂದೋರಿಗೆಲ್ಲ ಮಿಷನ್ ಕೆಟ್ಟೈತೆ, ಎಂಟು ದಿನ ಬಿಟ್ಟು ಬರ್ರಿ ಅಂತ ಹೇಳಿ ಕಳ್ಸು. ಅಷ್ಟ್ರಾಗೆ ಅಧ್ಯಕ್ಷರು ಬೇರೆ ಯಾರನ್ನಾದ್ರೂ ಕೂರಿಸ್ತಾರೆ." ನಾನು ಕದ ಎಳೆದು ಬೀಗ ಒತ್ತಿದೆ.

ಮಾರನೆಯ ಬೆಳಿಗ್ಗೆ ಎಂದಿಗಿಂತ ಮುಂಚೆ ಹೋಗಿ ಬಾಗಿಲ ಎರಡೂ ಕದ ತೆರೆದೆ. ಗಾಡಿ, ಟ್ರ್ಯಾಕ್ಟರು ತಂದವರು ರಸ್ತೆಯವರೆಗೂ ನಿಂತಿದ್ದರು. ಅಧ್ಯಕ್ಷರು ಬಂದು ಒಳಗೆ ಕೂರುವವರೆಗೂ ಕಾದು, ಮೆಟ್ಟಿಲ ಮೇಲೆ ನಿಂತು ಗಂಟಲೆತ್ತಿ ಕೂಗಿದೆ: "ಮಿಷನ್ ಕೆಟ್ಟಿಲ್ಲ ಕಣ್ರಪ್ಪ! ನಿಮ್ಮ ಸರದಿ ಚಿತ್ರದುರ್ಗದಾಗೆ ಇದ್ದಂಗೇ ಐತೆ. ಅದನ್ನ ತಿದ್ದಾಕೆ ಬಿಡಲ್ಲ ಅಂದೋಳನ್ನ ನಿನ್ನೆ ಓಡಿಸವ್ರೆ. ಗೊಬ್ಬರ ಗೋದಾಮಿನಾಗೈತೆ, ಅಧ್ಯಕ್ಷರು ಒಳಗವ್ರೆ. ಒಬ್ಬೊಬ್ರೇ ಹೋಗ್ಬೇಡ್ರಿ, ಎಲ್ರೂ ಒಟ್ಟಿಗೆ ಬರ್ರಿ."

ಅಷ್ಟು ಹೇಳಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.