ಲುದ್‌ವಿಕಾ ಹಂಚಿದ ನೋವು

ಪೋಲೆಂಡಿನ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷ ಸೈಕಲ್ ಮೇಲೆ ಅಂಚೆ ಹಂಚಿದ ಲುದ್‌ವಿಕಾ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದಳು. ತಿಂಗಳ ಮೊದಲ ಶುಕ್ರವಾರ ಪಾದ್ರಿ ಚರ್ಚಿನ ಪೂಜೆಯ ರೊಟ್ಟಿಯಾದ ಪರಮಪ್ರಸಾದವನ್ನು ಅವಳ ಮನೆಗೇ ತರುತ್ತಿದ್ದರು. ಕೊಟ್ಟಾದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ: ಈ ತಿಂಗಳ ನೋವನ್ನು ಕ್ರಿಸ್ತನ ನೋವಿನ ಜೊತೆ ಸೇರಿಸಿ ಯಾರ ಒಳಿತಿಗಾಗಿ ದೇವರಿಗೆ ಒಪ್ಪಿಸುತ್ತೀರಿ? ಹಾಗೆ ಒಪ್ಪಿಸಿದ ನೋವು ಇನ್ನೊಬ್ಬರಿಗೆ ಆಶೀರ್ವಾದವಾಗಿ ತಲುಪುತ್ತದೆ ಎಂಬುದು ಅವರಿಬ್ಬರ ನಂಬಿಕೆ. ಹೆರಿಗೆಗೆ ಹೋದ ಪಕ್ಕದ ಮನೆಯವಳಿಗೆ, ಕುಡುಕ ಕಮ್ಮಾರನಿಗೆ, ಹೀಗೆ ಊರಿನ ಬಹುತೇಕ ಮನೆಗಳಿಗೆ ಅವಳು ಅದನ್ನು ಹಂಚಿದ್ದಳು. ಅಂಚೆ ಚೀಲ ಇನ್ನೂ ಹೆಗಲ ಮೇಲಿದೆ ಎನ್ನಿಸಿದ್ದರಿಂದಲೇ ನೋವನ್ನು ತಾಳಿಕೊಂಡಿದ್ದಳು.

"ನಿಮ್ಮ ತಂಗಿ ಗೆನಿಯಾಗೆ ಗುರುವಾರ ಕಣ್ಣಿನ ಆಪರೇಷನ್ ಅಂತೆ," ಎಂದರು ಪಾದ್ರಿ.

ಅಮ್ಮ ಸತ್ತ ದಿನವೇ ಆಕೆಯ ಹಕ್ಕಿಗರಿ ತುಂಬಿದ ಬೆಚ್ಚನೆ ಹೊದಿಕೆಯನ್ನು ಎತ್ತಿಕೊಂಡು ಹೋಗಿದ್ದ ಗೆನಿಯಾಳ ಜೊತೆ ಲುದ್‌ವಿಕಾ ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ.

"ಈ ಸಲ ನೋವು ಭಾರಿ ಇದೆ ಫಾದರ್. ಇಷ್ಟು ಒಳ್ಳೇದನ್ನ ಅವಳಿಗೆ ಕೊಡೋದಾ?"

"ಜಗಳ ಆಡಿದವರ ಮನೆಗೆ ಕಾಗದ ಕೊಡದೆ ವಾಪಸ್ ಬಂದಿದ್ರಾ ಯಾವತ್ತಾದ್ರೂ?"

"ಛೆ! ನಾಯಿ ಬಿಟ್ಟು ಕಚ್ಚಿಸಿದವರಿಗೂ ಕೊಟ್ಟಿದೀನಿ," ಎಂದವಳು ಚೀಲವಿಲ್ಲದ ಹೆಗಲನ್ನು ಸವರಿಕೊಂಡಳು.

ಮೇಜಿನ ಬಿಳಿ ಬಟ್ಟೆಯ ಮೇಲೆ, ಶಿಲುಬೆಯ ಪಕ್ಕ, ಮೇಣದಬತ್ತಿ ಕರಗುತ್ತಿತ್ತು.

"ಗೆನಿಯಾಗೆ," ಎಂದಳು ಕೊನೆಗೆ. "ಅವಳ ಕಣ್ಣಿಗೆ. ಆ ಹೊದಿಕೇನೂ ಅವಳ ಹತ್ರಾನೇ ಇರಲಿ. ಚಿಕ್ಕವಳಿದ್ದಾಗಿಂದ್ಲೂ ಅವಳಿಗೆ ಚಳಿ ತಡೆಯಲ್ಲ."

ಬೆನ್ನು ಮೊದಲಿನಂತೆಯೇ ನೋಯುತ್ತಿತ್ತು. ಗುರುವಾರದ ತನಕ ಅದನ್ನು ಹೊರಲು ಲುದ್‌ವಿಕಾ ದಿಂಬು ಸರಿಮಾಡಿಕೊಂಡಳು.