ಚಳ್ಳಕೆರೆಯ ಮೇಲೆ ಹನ್ನೊಂದು ನಿಮಿಷ

ಯಾರೋ ಕರೆದಂತಾಯಿತು, ಬೆನ್ನ ಹಿಂದೆ ಯಾರೋ ನಿಂತಿದ್ದರು ಎಂದು ಕಣ್ಣರಳಿಸಿ ಹೇಳುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದ್ದಿರಿ?" ಅಲ್ಲಿಗೆ ಕಥೆ ಮುಗಿಯುತ್ತಿತ್ತು. ನನ್ನ ಅವ್ವನಿಗೂ ಇದನ್ನೇ ಕೇಳಿ ಬೈಸಿಕೊಂಡವನು ನಾನು. ಈಗ ನನ್ನ ಕಥೆ ಓದಿ ನೀವೂ ಅದೇ ಪ್ರಶ್ನೆ ಕೇಳಿದರೆ ನನಗೆ ಸಿಟ್ಟಿಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡೂವರೆ ಗಂಟೆ. ಅದೂ ಪಾರ್ಸಲ್ ಮೂಟೆಗಳ ಮೇಲೆ.

ನಮ್ಮದು ದೊಡ್ಡಉಳ್ಳಾರ್ತಿ ಪಕ್ಕದ ಊರು, ಕುರಿ ಸಾಕಿ ಬದುಕಿದ ಮನೆ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ವಿಮಾನ ಹಾರಿಸುವುದನ್ನು ಕಲಿತೆ. ಲೈಸೆನ್ಸ್ ಕೈಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಪೈಲಟ್‌ಗಳಿಗೆ ಕೆಲಸ ಎಂಬುದೇ ಇರಲಿಲ್ಲ. ಐದು ವರ್ಷ ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳಿದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ದಿನಾ ಬೆಳಿಗ್ಗೆ, "ಏನ್ ಪೈಲಟ್ ಸಾಹೇಬ್ರೇ, ಇಮಾನ ಎಲ್ ಕಟ್ಟಾಕಿ ಬಂದ್ರಿ?" ಎಂದು ಕೇಳುವನು. ನಾನು ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು. ಹಾರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದು, ಲೈಸೆನ್ಸ್ ಸಾಯದಂತೆ ನೋಡಿಕೊಂಡು ಕಾದೆ.

ಕೊನೆಗೆ ಸಿಕ್ಕಿದ್ದು ಸರಕು ಸಾಗಿಸುವ ಒಂದು ಚಿಕ್ಕ ಕಂಪನಿಯಲ್ಲಿ ಸಹಪೈಲಟ್ ಕೆಲಸ. ಪ್ರಯಾಣಿಕರ ವಿಮಾನದ ಪೈಲಟ್ ಎಂದರೆ ಜನ ಎದ್ದು ನಿಂತು ಜಾಗ ಬಿಡುತ್ತಾರೆ. ನಮ್ಮನ್ನು ಕಂಡರೆ ವಿಮಾನ ನಿಲ್ದಾಣದ ಕಾವಲುಗಾರನೂ ಎರಡು ಸಲ ಗುರುತಿನ ಚೀಟಿ ನೋಡುತ್ತಿದ್ದ. ಬೆಂಗಳೂರಿನಿಂದ ಸಂಜೆ ಹೊರಟು ಹೈದರಾಬಾದ್, ಅಲ್ಲಿಂದ ಮುಂಬೈ, ಬೆಳಗಾಗುವಷ್ಟರಲ್ಲಿ ಮತ್ತೆ ಬೆಂಗಳೂರು. ಹೊರೆಯೆಲ್ಲ ಟಪಾಲು, ಔಷಧಿ, ಬಿಡಿಭಾಗ; ಒಮ್ಮೊಮ್ಮೆ ಮೊಳಕಾಲ್ಮೂರಿನ ಸೀರೆ ಗಂಟುಗಳು. ಮುಂಬೈಯಲ್ಲಿ ಮೂರು ಗಂಟೆ ತಂಗುವಾಗ ನಮಗೊಂದು ಕೋಣೆ ಕೊಡುತ್ತೇವೆ ಎಂದಿದ್ದರು. ಕೋಣೆ ಇತ್ತು, ಅದಕ್ಕೆ ಬೀಗವೂ ಇತ್ತು, ಬೀಗದ ಕೈ ಯಾರ ಬಳಿ ಇದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾವು ಮೂಟೆಗಳ ಮೇಲೆ ಒರಗುತ್ತಿದ್ದೆವು. ಡ್ಯೂಟಿ ಪುಸ್ತಕದಲ್ಲಿ ಆ ಮೂರು ಗಂಟೆ 'ವಿಶ್ರಾಂತಿ' ಎಂದು ನಮೂದಾಗುತ್ತಿತ್ತು. ಹಾಗೆ ನಮೂದಾದ್ದರಿಂದಲೇ ವಾರದಲ್ಲಿ ಆರು ರಾತ್ರಿ ಹಾರಿಸಲು ಅವರಿಗೆ ಕಾನೂನು ಅಡ್ಡ ಬರುತ್ತಿರಲಿಲ್ಲ.

ಆದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದೇ ಹೊತ್ತಿಗೆ ಹೊಸ ಹೊಸ ಪ್ರಯಾಣಿಕ ಕಂಪನಿಗಳು ಹುಟ್ಟುತ್ತಿದ್ದವು. ಒಮ್ಮೆ ಕ್ಯಾಪ್ಟನ್ ಆಗಿ ಹಾರಿಸಿದ ಅನುಭವ ನಮ್ಮ ಹಾರಾಟದ ಪುಸ್ತಕಕ್ಕೆ ಏರಿದರೆ ಅವರೇ ಕರೆದು ಕೆಲಸ ಕೊಡುತ್ತಿದ್ದರು. ಸಹಪೈಲಟ್ ಆಗಿಯೇ ಉಳಿದವನನ್ನು ಕೇಳುವವರಿಲ್ಲ. ಕ್ಯಾಪ್ಟನ್ ಆಗಲು ನನಗೆ ಉಳಿದಿದ್ದದ್ದು ಒಂದೇ ಪರೀಕ್ಷಾ ಹಾರಾಟ, ಅದೂ ಮುಂದಿನ ಸೋಮವಾರಕ್ಕೆ ನಿಗದಿಯಾಗಿತ್ತು.

ಆ ರಾತ್ರಿಯ ಸಂಗತಿ ಅರ್ಥವಾಗಬೇಕಾದರೆ ನಮ್ಮ ಕುರಿಮಂದೆಯ ಒಂದು ಪದ್ಧತಿ ಹೇಳಬೇಕು. ರಾತ್ರಿ ಬಯಲಲ್ಲಿ ಮಂದೆ ನಿಲ್ಲಿಸಿದಾಗ ಇಬ್ಬರು ಕಾಯುತ್ತಾರೆ, ಆ ತುದಿಗೊಬ್ಬ, ಈ ತುದಿಗೊಬ್ಬ. ನಮ್ಮ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ತೋಳದ ಕಾಟ. ಒಬ್ಬ ಆಗಾಗ "ಹೋ" ಎಂದು ಕೂಗಬೇಕು, ಇನ್ನೊಬ್ಬ "ಹೋ" ಎಂದು ಓಗೊಡಬೇಕು. ಎರಡು ಕೂಗಿಗೆ ಮರುದನಿ ಬಾರದಿದ್ದರೆ ಮೂರನೆಯ ಕೂಗಿಲ್ಲ. ಕೂಗಿದವನೇ ಎದ್ದು ಬಂದು ಮಲಗಿದವನ ಭುಜಕ್ಕೆ ಕೋಲಿನ ತುದಿಯಿಂದ ತಿವಿಯುತ್ತಾನೆ. ಚಿಕ್ಕಂದಿನಲ್ಲಿ ರಜೆಗೆ ಅಪ್ಪನ ಜೊತೆ ಹೋಗುತ್ತಿದ್ದ ನಾನು ಎರಡೂ ಕೂಗು ಕೇಳಿಸಿಕೊಂಡು ಸುಮ್ಮನೆ ಬಿದ್ದಿರುತ್ತಿದ್ದೆ. ಹೇಗೂ ತಿವಿಯಲು ಬರುತ್ತಾನಲ್ಲ, ಅಲ್ಲಿಯವರೆಗಿನ ನಿದ್ದೆ ಲಾಭ ಎಂಬ ಲೆಕ್ಕ. ಅಪ್ಪ ಇದಕ್ಕಾಗಿ ನನಗೆ ಬೇಕಾದಷ್ಟು ಬೈದಿದ್ದಾನೆ.

ಅದು ಸತತ ಆರನೆಯ ರಾತ್ರಿ. ಎಡಗಡೆಯ ಸೀಟಿನಲ್ಲಿ ಕ್ಯಾಪ್ಟನ್ ರೆಡ್ಡಿ. ಗಡಿಯಾಚೆ ರಾಯದುರ್ಗದವರು, ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಹೆಂಡತಿಯ ತವರು ಮೊಳಕಾಲ್ಮೂರು. ಮುಂಬೈಯಿಂದ ಬರುವ ದಾರಿ ಸರಿಯಾಗಿ ಚಳ್ಳಕೆರೆಯ ಮೇಲೆ ಹಾಯುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಅವರು ಎಡ ಕಿಟಕಿಯಲ್ಲಿ ಬಗ್ಗಿ, "ಅದಿಗೋ ನೋಡು, ನಮ್ ಅತ್ತೆ ಮನೆ ದೀಪ. ಮುದುಕಿ ಇನ್ನೂ ಮಗ್ಗದ ಮುಂದೆ ಕುಂತೈತೆ, ನನ್ನೇ ಬೈತಾ ಐತೆ" ಎನ್ನುತ್ತಿದ್ದರು. ನಾನು ಬಲಕ್ಕೆ ತಿರುಗಿ, ದೀಪವೇ ಇಲ್ಲದ ಕತ್ತಲಲ್ಲಿ ನಮ್ಮೂರು ಎಲ್ಲಿರಬಹುದು ಎಂದು ಅಂದಾಜು ಮಾಡುತ್ತಿದ್ದೆ.

ಆ ದಿನ ತುಂಗಭದ್ರೆ ದಾಟಿದ್ದು ನೆನಪಿದೆ. ಕಂಟ್ರೋಲ್‌ನವರಿಗೆ ರೇಡಿಯೋದಲ್ಲಿ ಉತ್ತರ ಕೊಟ್ಟದ್ದೂ ನೆನಪಿದೆ. ಆಮೇಲೆ ನಾನು ಮಂದೆಯಲ್ಲಿದ್ದೆ. ಕಂಬಳಿಯ ಮುಗ್ಗುಲು ವಾಸನೆ, ಕುರಿಗಳ ಬಿಸಿ. ದೂರದಿಂದ "ಹೋ" ಎಂಬ ಕೂಗು ಬಂತು. ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಬಂತು. ನಾನು ಮಾಡಬಾರದ ತಪ್ಪನ್ನೇ ಮಾಡಿದೆ: ಇರಲಿ, ತಿವಿಯಲು ಬರಲಿ ಎಂದುಕೊಂಡು ಮಗ್ಗುಲು ಬದಲಿಸಿದೆ.

ಭುಜಕ್ಕೆ ಕೋಲು ನಾಟಿತು. ಮೆಲ್ಲಗಲ್ಲ, ನೋಯುವಂತೆ.

ಕಣ್ಣು ಬಿಟ್ಟೆ. ಎದುರಿಗೆ ಉಪಕರಣಗಳ ಹಸಿರು ಬೆಳಕು. ಆಟೋಪೈಲಟ್ ಯಾವಾಗಲೋ ಕಳಚಿಕೊಂಡಿತ್ತು, ಎಚ್ಚರಿಕೆಯ ದೀಪ ತನ್ನ ಪಾಡಿಗೆ ಉರಿಯುತ್ತಿತ್ತು. ಇರಬೇಕಾದ ಎತ್ತರಕ್ಕಿಂತ ಸಾವಿರದ ಇನ್ನೂರು ಅಡಿ ಕೆಳಗಿದ್ದೆವು, ಇನ್ನೂ ಇಳಿಯುತ್ತಲೇ ಇದ್ದೆವು. ನಾನು ಹಿಡಿಕೆ ಹಿಡಿದು ವಿಮಾನವನ್ನು ಸರಿಮಾಡುವಷ್ಟರಲ್ಲಿ ಕ್ಯಾಪ್ಟನ್ ನೆಟ್ಟಗೆ ಕೂತು ಭುಜ ಉಜ್ಜಿಕೊಳ್ಳುತ್ತಿದ್ದರು.

"ಯಾಕಯ್ಯ ತಿವಿದೆ? ಏನದು, ಕೋಲಾ?"

ನನ್ನ ಎರಡೂ ಕೈ ಹಿಡಿಕೆಯ ಮೇಲಿದ್ದವು. ಅವರು ಉಜ್ಜಿಕೊಳ್ಳುತ್ತಿದ್ದದ್ದು ಎಡಭುಜವನ್ನು, ಕಿಟಕಿಯ ಪಕ್ಕದ್ದು. ಬಲಕ್ಕೆ ಕೂತ ನನಗೆ ಅದು ಎಟುಕುವುದೇ ಇಲ್ಲ. ಹಿಂದೆ ತಿರುಗಿ ನೋಡಿದೆ. ಸರಕು ಜಾರದಂತೆ ಕಟ್ಟುವ ಬಲೆ ಬಿಗಿದಿತ್ತು, ಬಲೆಯ ಹಿಂದೆ ಮೂಟೆಗಳಿದ್ದವು. ಆ ಕಾಕ್‌ಪಿಟ್ಟಿನಲ್ಲಿ ಕೋಲು ಬೀಸಲು ಹೋಗಲಿ, ಮನುಷ್ಯ ನೆಟ್ಟಗೆ ನಿಲ್ಲಲೂ ಜಾಗವಿಲ್ಲ. ಕೆಳಗೆ ಚಳ್ಳಕೆರೆಯ ದೀಪಗಳು ಎಂದಿಗಿಂತ ಹತ್ತಿರದಲ್ಲಿದ್ದವು. ಮತ್ತೆ ನಮ್ಮ ಎತ್ತರಕ್ಕೆ ಏರಿ ಬೆಂಗಳೂರಿನ ದಾರಿ ಹಿಡಿದೆವು. ನನಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು.

ಇಳಿದ ಮೇಲೆ ಬಟ್ಟೆ ಬದಲಿಸುವಲ್ಲಿ ಇಬ್ಬರೂ ಅಂಗಿ ಬಿಚ್ಚಿ ಕನ್ನಡಿಯಲ್ಲಿ ನೋಡಿಕೊಂಡೆವು. ಇಬ್ಬರ ಭುಜದ ಮೇಲೂ ಎಂಟಾಣೆ ಅಗಲದ ಕೆಂಪು ಗುರುತಿತ್ತು. ಕ್ಯಾಪ್ಟನ್ ಅಂಗಿ ತೊಟ್ಟುಕೊಂಡರು.

ಕಂಟ್ರೋಲ್‌ನವರು ನಾವು ಕೆಳಗಿಳಿದದ್ದನ್ನು ಗಮನಿಸಿರಲಿಲ್ಲ. ನಾವು ಬಾಯಿ ಮುಚ್ಚಿಕೊಂಡರೆ ಈ ಸಂಗತಿ ಅಲ್ಲಿಗೇ ಮುಗಿಯುತ್ತಿತ್ತು. ವಿಮಾನದಲ್ಲಿ ನಮ್ಮ ಮಾತು ಮುದ್ರಿಸುವ ಪೆಟ್ಟಿಗೆಯೊಂದಿರುತ್ತದೆ. ಅದರಲ್ಲಿ ಕೊನೆಯ ಎರಡು ಗಂಟೆ ಮಾತ್ರ ಉಳಿಯುತ್ತದೆ, ಮುಂದಿನ ಹಾರಾಟದಲ್ಲಿ ಅಳಿಸಿಹೋಗುತ್ತದೆ. ನಾನು ಮತ್ತೆ ವಿಮಾನ ಹತ್ತಿ ಆ ಪೆಟ್ಟಿಗೆ ಬಂದ್ ಮಾಡಿ, ಅದನ್ನು ತೆಗೆದಿಡಬೇಕೆಂದು ಇಂಜಿನಿಯರ್‌ಗೆ ಬರೆದುಕೊಟ್ಟು ಸಹಿ ಹಾಕಿಸಿಕೊಂಡೆ. ಆ ಧೈರ್ಯ ಎಲ್ಲಿಂದ ಬಂತೋ. ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಕರೆಸಿದರು. "ವಿಮಾನ ಬಂದಿದೆ, ಸರಕೂ ಬಂದಿದೆ. ಈಗ ಏನಾಯ್ತು ಅಂತ ಬರೀತೀರಿ? ಸೋಮವಾರ ನಿಮ್ಮ ಪರೀಕ್ಷೆ ಇದೆ. ಎರಡು ದಿನ ಊರಿಗೆ ಹೋಗಿ ಮಲಗಿ ಎದ್ದು ಬನ್ನಿ." ಆರು ರಾತ್ರಿ ಸಿಗದ ರಜೆ ಒಂದು ನಿಮಿಷದಲ್ಲಿ ಸಿಕ್ಕಿತು.

ಊರಿಗೆ ಹೋದೆ. ನಡೆದದ್ದನ್ನು ಕೇಳಿ ಅವ್ವ ನಿವಾಳಿಸಿ, ಹಣೆಗೆ ವಿಭೂತಿ ಬಳಿದು, "ನಿದ್ದೆ ಎಷ್ಟೊತ್ತು ಮಾಡಿದ್ದೆ ಅಂತ ಈಗ ಕೇಳ್ಕ್ಯ ನಿನ್ನೇ ನೀನು" ಎಂದು ಹಳೆಯ ಬಾಕಿ ತೀರಿಸಿಕೊಂಡಳು. ಅಪ್ಪ ಕುದಾಪುರದ ಕಡೆಯ ಕಾವಲಿನಲ್ಲಿ ಕುರಿ ಬಿಟ್ಟುಕೊಂಡಿದ್ದ. ಆಗಿನ್ನೂ ಅಲ್ಲಿ ಸರ್ಕಾರಿ ಸಂಸ್ಥೆಗಳ ಕಾಂಪೌಂಡು ಎದ್ದಿರಲಿಲ್ಲ, ಕಣ್ಣು ಹಾಯುವವರೆಗೂ ಹುಲ್ಲೇ. ಅಲ್ಲಿಗೇ ಹೋಗಿ ಎಲ್ಲವನ್ನೂ ಹೇಳಿದೆ. ಆ ರಾತ್ರಿ ನೀನೇನಾದರೂ ಕೂಗಿದೆಯಾ ಎಂದು ಕೇಳಿದೆ.

"ನಾನ್ಯಾಕ್ ಕೂಗ್ಲಿ? ಜ್ವರ ಬಂದು ಮನೇಲಿ ಬಿದ್ಕಂಡಿದ್ದೆ, ಗೊರಕೆ ಹೊಡ್ಕಂಡು" ಎಂದ. ಕೋಲಿನ ವಿಷಯಕ್ಕೆ ಅವನು ಕಿವಿಯನ್ನೇ ಕೊಡಲಿಲ್ಲ. "ಇಬ್ರೂ ಮಲಗಿದ್ರಾ?"

"ಹೂಂ."

"ಒಂದೇ ಸಲಕ್ಕೆ?"

"ಹೂಂ."

ಅಪ್ಪ ಕೋಲನ್ನು ನೆಲಕ್ಕೂರಿದ. "ಲೇ, ತಿವಿದೋರು ಯಾರು ಅಂತ ಆಮ್ಯಾಲೆ ನೋಡಾನ. ಒಬ್ಬ ಮಲಗಿದ್ರೆ ಅದು ಅವನ ಸೋಮಾರಿತನ. ಕಾವಲಿರೋ ಇಬ್ರೂ ಒಂದೇ ಸಲ ಮಲಗಿದ್ರೆ ಅವರನ್ನ ಯಾರೋ ದಣಿಸ್ಯಾರೆ ಅಂತ ಅರ್ಥ. ಅದನ್ನ ಹೇಳೋಗು. ಕುರಿ ಹೋದ್ರೆ ಇನ್ನೊಂದು ಕುರಿ ಬರ್ತೈತೆ, ನೀನು ಹೋದ್ರೆ?"

ಅಪ್ಪ ವಿಮಾನವನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಆದರೂ ಮ್ಯಾನೇಜರ್ ಕೇಳಬೇಕಿದ್ದ ಪ್ರಶ್ನೆಯನ್ನು ಅವನು ಕೇಳಿದ್ದ. ವಾಪಸು ಬರುವ ಬಸ್ಸಿನಲ್ಲಿಯೇ ವಿಮಾನಯಾನ ಇಲಾಖೆಗೆ ವರದಿ ಬರೆಯಲು ಕೂತೆ. ಹಿರಿಯೂರು ದಾಟುವಾಗ ನಾಲ್ಕು ಹಾಳೆ ತುಂಬಿದ್ದವು. ಆರು ರಾತ್ರಿಗಳ ಸಮಯ, ಬೀಗ ಹಾಕಿದ ಕೋಣೆ, ಮೂಟೆಗಳ ಮೇಲಿನ 'ವಿಶ್ರಾಂತಿ', ಎಲ್ಲವನ್ನೂ ಬರೆದೆ.

ನನಗಿದ್ದ ಕಷ್ಟ ಕ್ಯಾಪ್ಟನ್ ರೆಡ್ಡಿಯವರದು. ವರದಿ ಹೋದರೆ ಅವರ ಕೊನೆಯ ಎಂಟು ತಿಂಗಳೂ ಹೋಗಬಹುದು. ಅವರ ಮನೆಗೆ ಹೋಗಿ ಹಾಳೆಗಳನ್ನು ಕೈಗಿಟ್ಟೆ. ಓದಿದರು. "ನಾನು ಬೇಡ ಅಂದ್ರೆ ಕೊಡಲ್ವಾ?" ಎಂದರು. "ಕೊಡ್ತೀನಿ ಸರ್. ನಿಮಗೆ ಹೇಳದೆ ಕೊಡಬಾರದು ಅಂತ ಬಂದೆ" ಎಂದೆ. ಅವರು ಒಳಗೆ ಹೋದರು. ಹೊರಟು ಹೋಗು ಎನ್ನುತ್ತಾರೆ ಎಂದುಕೊಂಡೆ. ಪೆನ್ನು ತಂದು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು.

ಸೋಮವಾರದ ಪರೀಕ್ಷೆ ರದ್ದಾಯಿತು. ಇಬ್ಬರನ್ನೂ ಕೆಲಸದಿಂದ ದೂರ ಇಟ್ಟರು. ಕೆಲವು ವಾರಗಳ ನಂತರ ವಿಚಾರಣೆಗೆ ಕರೆದರು. ಮೇಜಿನ ಆಚೆ ಇಲಾಖೆಯ ಅಧಿಕಾರಿ, ಪಕ್ಕದಲ್ಲಿ ನಮ್ಮ ಮ್ಯಾನೇಜರ್. ಧ್ವನಿಮುದ್ರಣ ಹಾಕಿದರು. ಹನ್ನೊಂದು ನಿಮಿಷ ಇಂಜಿನ್ನಿನ ಮೊರೆತ, ನಮ್ಮಿಬ್ಬರ ಗೊರಕೆ. ಯಾವ ಕೂಗೂ ಇರಲಿಲ್ಲ. ರೇಡಿಯೋದಲ್ಲಿ ಆ ಹೊತ್ತಿನಲ್ಲಿ ಯಾರೂ ನಮ್ಮನ್ನು ಕರೆದಿರಲಿಲ್ಲ. ಆಟೋಪೈಲಟ್ ಕಳಚಿದ ಸದ್ದು ಬಂದಾಗಲೂ ಗೊರಕೆ ನಿಂತಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕ್ಯಾಪ್ಟನ್ "ಅಬ್ಬಾ" ಎನ್ನುತ್ತಾರೆ. ಅದರ ಹಿಂದೆಯೇ ನನ್ನ ದನಿ, ಗಟ್ಟಿಯಾಗಿ: "ಹೋ". ನಾನು ಹಾಗೆ ಕೂಗಿದ್ದು ನನಗೆ ನೆನಪೇ ಇಲ್ಲ. ನನ್ನ ಕೂಗಿಗೆ ಕ್ಯಾಪ್ಟನ್ ಎದ್ದರು ಎನ್ನೋಣವೆಂದರೆ ಅವರ "ಅಬ್ಬಾ" ಮೊದಲು ಬಂದಿತ್ತು. ಅಧಿಕಾರಿ ಅದನ್ನು ಮೂರು ಸಲ ಹಾಕಿ ಕೇಳಿದರು, ಮೂರು ಸಲವೂ ಅದೇ ಕ್ರಮ.

ಮ್ಯಾನೇಜರ್‌ಗೆ ಬೇಕಾದದ್ದು ಸಿಕ್ಕಿತ್ತು. "ಇವರನ್ನು ಎಬ್ಬಿಸಿದ್ದು ಯಾರು ಅಂತ ಇವರೇ ಹೇಳಲಿ" ಎಂದರು. ಯಾಕಯ್ಯ ತಿವಿದೆ, ಕೋಲಾ ಎಂದು ಕ್ಯಾಪ್ಟನ್ ಕೇಳಿದ್ದೂ ಆ ಮುದ್ರಣದಲ್ಲಿತ್ತು. ಹೇಳಿದರೆ ಮನೋವೈದ್ಯರ ಬಳಿಗೆ ಕಳಿಸುತ್ತಾರೆ, ಲೈಸೆನ್ಸ್ ಹೋಗುತ್ತದೆ. ತಾನಾಗಿ ಎಚ್ಚರವಾಯಿತು ಎಂದರೆ ಅದು ಸುಳ್ಳು. ಒಂದು ಸುಳ್ಳು ಸೇರಿದರೆ ಆ ನಾಲ್ಕು ಹಾಳೆಗೂ ಬೆಲೆಯಿಲ್ಲ. ಆಮೇಲೆ ಅಪ್ಪನ ಮಾತು ನನ್ನದೇ ಆಗಿ ಹೊರಬಂತು.

"ಎಬ್ಬಿಸಿದ್ದು ಯಾರು ಅಂತ ನನಗೆ ಗೊತ್ತಿಲ್ಲ ಸರ್. ಮಲಗಿಸಿದ್ದು ಯಾರು ಅಂತ ಗೊತ್ತಿದೆ. ಅದನ್ನು ಬರೆದಿದ್ದೇನೆ."

ಅಧಿಕಾರಿ ಮ್ಯಾನೇಜರ್ ಕಡೆ ತಿರುಗಿ ಡ್ಯೂಟಿ ಪುಸ್ತಕ ಕೇಳಿದರು.

ಆ ಕಂಪನಿಯಲ್ಲಿ ಮೂರು ರಾತ್ರಿಗೊಂದು ಬಿಡುವು ಬಂತು, ಮುಂಬೈಯ ಕೋಣೆಯ ಬೀಗವೂ ತೆರೆಯಿತು. ಕ್ಯಾಪ್ಟನ್ ರೆಡ್ಡಿ ಮತ್ತೆ ಹಾರಿಸಲಿಲ್ಲ. ನನ್ನನ್ನು ಕಂಪನಿಯವರು ಕ್ಯಾಪ್ಟನ್ ಮಾಡಲಿಲ್ಲ. ಮೂರು ವರ್ಷ ಬೇರೆ ಬೇರೆ ಬಾಗಿಲು ತಟ್ಟಿ, ಮೊದಲಿನಿಂದ ಶುರುಮಾಡಿ, ಕೊನೆಗೆ ಎಡಗಡೆಯ ಸೀಟಿನಲ್ಲಿ ಕೂತೆ. ಈಗಲೂ ನನ್ನ ಜೊತೆ ಹಾರುವ ಹುಡುಗರಿಗೆ ದಣಿವಾದರೆ ಬಾಯಿ ಬಿಟ್ಟು ಹೇಳಿ ಎನ್ನುತ್ತೇನೆ, ಹೇಳಿದವರ ಪರ ನಿಲ್ಲುತ್ತೇನೆ.

ಆ ಹನ್ನೊಂದನೆಯ ನಿಮಿಷದ ಬಗ್ಗೆ ಬಹಳ ಯೋಚಿಸಿದ್ದೇನೆ. ನನ್ನದು ಕನಸು, ನನ್ನ ಭುಜದ ಗುರುತೂ ನಿದ್ದೆಯಲ್ಲಿ ನಾನೇ ಮಾಡಿಕೊಂಡದ್ದು ಎನ್ನಿ, ಒಪ್ಪುತ್ತೇನೆ. ಮಂದೆಯನ್ನೇ ಕಾಯದ ಕ್ಯಾಪ್ಟನ್ ರೆಡ್ಡಿಯವರ ಭುಜದ ಗುರುತಿಗೆ ಏನು ಹೇಳಲಿ? ವಿಚಾರಣೆಯ ಕೊನೆಯಲ್ಲಿ ಒಂದು ನಮೂನೆ ತುಂಬಲು ಕೊಟ್ಟಿದ್ದರು. ಎಚ್ಚರವಾಗಲು ಕಾರಣ ಎಂಬಲ್ಲಿ 'ತಿಳಿದಿಲ್ಲ' ಎಂದು ಬರೆದೆ. ಇವತ್ತು ತುಂಬಿ ಎಂದರೂ ಅದನ್ನೇ ಬರೆಯುತ್ತೇನೆ.