ಕಂಬಕ್ಕೆ ಹೇಳಿದ ಇನ್ಶೂರೆನ್ಸ್ ಮಾತು

ನಿಮ್ಮ ದೊಡ್ಡಜ್ಜನ ಜೊತೆ ಒಂದೇ ಮನೆಯಲ್ಲಿ ಮೂವತ್ತೊಂದು ವರ್ಷ ಇದ್ದೂ ನಾನು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನಲ್ಲ. ಗಂಡನ ಅಣ್ಣನೆದುರು ತಮ್ಮನ ಹೆಂಡತಿ ಬಾಯಿ ಬಿಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಅಷ್ಟೆ. ಹೇಳಲೇಬೇಕಾದದ್ದಿದ್ದರೆ ನೆಗೆಣ್ಣಿಗೆ, ಅಂದರೆ ಭಾವನವರ ಹೆಂಡತಿಗೆ, ಹೇಳುತ್ತಿದ್ದೆ. ಆಕೆ ಇಲ್ಲದಾಗ ಪಡಸಾಲೆಯ ಕಂಬಕ್ಕೆ. "ಊಟಕ್ಕ ಆಗ್ಯಾದಂತ" ಎಂದು ಕಂಬಕ್ಕೆ ಹೇಳಿದರೆ ಭಾವ ಎದ್ದು ಕೈ ತೊಳೆಯುತ್ತಿದ್ದರು. ಉತ್ತರ ಕೊಡುವುದಿದ್ದರೆ ಅವರೂ ಕಂಬಕ್ಕೇ ಕೊಡುತ್ತಿದ್ದರು. ಅಷ್ಟು ವರ್ಷ ಆ ಕಂಬ ಒಂದು ಸುದ್ದಿಯನ್ನೂ ತಪ್ಪಿಸಿರಲಿಲ್ಲ. ನೇಪಾಳದ ವಿಷಯದಲ್ಲಿ ಮಾತ್ರ ಕೈಕೊಟ್ಟಿತು.

ಪಶುಪತಿನಾಥನನ್ನು ನೋಡಬೇಕೆಂಬುದು ನಿಮ್ಮ ಅಜ್ಜನ ಆಸೆ. ಅದಕ್ಕೆಂದೇ ಅಣ್ಣತಮ್ಮಂದಿರು ಕೂಡಿ ಜೀಪು ಕೊಂಡಿದ್ದರು. ಜೀಪು ಆಳಂದ ಸಂತೆ ನೋಡಿತು, ಜಿಡಗಾ ಮಠ ನೋಡಿತು, ಗೊಬ್ಬರದ ಚೀಲ ಹೊತ್ತಿತು. ನೇಪಾಳ ನೋಡುವ ಮೊದಲೇ ನಿಮ್ಮ ಅಜ್ಜ ಹೋಗಿಬಿಟ್ಟರು. ಮರುವರ್ಷ ಭಾವ, "ತಮ್ಮನ ಹೆಸರಿಲೆ ನಾವರೆ ಹೋಗಿ ಬರೂಣು" ಎಂದು ಹೆಂಡತಿಗೆ ಹೇಳಿದರು, ಒಳಗಿದ್ದ ನನಗೆ ಕೇಳುವಷ್ಟು ಜೋರಾಗಿ. ಆ ದಿನದಿಂದ ನನಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ.

ಹೊರಡಲು ವಾರವಿದ್ದಾಗ ನೆಗೆಣ್ಣಿ ತವರಿಗೆ, ಅಫಜಲಪುರಕ್ಕೆ, ಹೋಗಿದ್ದಳು. ಆಗಲೇ ಜೇವರ್ಗಿಯಿಂದ ಆಕೆಯ ತಮ್ಮನ ಫೋನು. ನಮ್ಮ ಜೀಪಿನ ಇನ್ಶೂರೆನ್ಸ್ ಮಾಡಿಸುವವನು ಅವನೇ.

"ಅಕ್ಕೋರ, ಭಾವನ ಫೋನ್ ಹತ್ತವಲ್ದು, ಅವರಿಗೆ ಒಂದ್ ಮಾತ್ ಹೇಳ್ರಿ. ನಮ್ಮ ಇನ್ಶೂರೆನ್ಸ್ ಇಂಡಿಯಾದಾಗಷ್ಟ ನಡೀತದ. ನೇಪಾಳಕ್ಕ ಗಾಡಿ ಒಯ್ಯೂದಿದ್ರ ಮೊದಲ ಅರ್ಜಿ ಕೊಟ್ಟು ಪಾಲಿಸಿದಾಗ ಆ ದೇಶದ ಹೆಸರು ಸೇರಿಸಬೇಕು. ಇಲ್ಲಾಂದ್ರ ಅಲ್ಲಿ ಯಾರಿಗರೆ ಬಡೀತಂದ್ರ ಕಂಪನಿ ಬರೂದಿಲ್ಲ. ಗಾಡಿನೂ ಅಲ್ಲೇ, ಭಾವನೂ ಅಲ್ಲೇ."

ನಾನು ಕಂಬದ ಹತ್ತಿರ ಹೋದೆ. ಭಾವ ಮೊಬೈಲಿನಲ್ಲಿ ತೊಗರಿ ಧಾರಣೆ ಕೇಳುತ್ತಿದ್ದರು. "ನೇಪಾಳಕ್ಕ ಇನ್ಶೂರೆನ್ಸ್ ಬ್ಯಾರೆ ಮಾಡಿಸಬೇಕಂತ. ಜೇವರ್ಗಿಯಿಂದ ಫೋನ್ ಬಂದಿತ್ತು" ಎಂದೆ. "ಹ್ಞೂಂ, ಆತು" ಎಂದರು. ನನ್ನ ಜವಾಬ್ದಾರಿ ಮುಗಿಯಿತೆಂದು ದಾರಿಗೆ ಗರಿಗರಿಯಾದ ಕಟಕ ರೊಟ್ಟಿ ಬಡಿಯಲು ಕೂತೆ.

ಬಾನೆಟ್ಟಿಗೆ ಜಿಡಗಾದ ವಿಭೂತಿ ಹಚ್ಚಿ ಹೊರಟೆವು. ಭಾವ ಸ್ಟೇರಿಂಗಿನ ಮುಂದೆ, ನೆಗೆಣ್ಣಿ ಅವರ ಪಕ್ಕದಲ್ಲಿ, ನಾನು ರೊಟ್ಟಿಯ ಚೀಲದೊಂದಿಗೆ ಹಿಂದೆ. ಕಾಶಿ ಮುಗಿಸಿ ಗಡಿ ಮುಟ್ಟಿದಾಗ ಐದನೆಯ ದಿನ. ಭಾವ ಸಾಲಿನಲ್ಲಿ ನಿಂತು, ಗಾಡಿಯ ಕಾಗದ, ಲೈಸೆನ್ಸು ತೋರಿಸಿ, ಜೀಪಿಗೆ ಪರವಾನಗಿ ಚೀಟಿ ತಂದರು. ನೆಗೆಣ್ಣಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ನಡೆದುಕೊಂಡೇ ಗಡಿಯ ಕಮಾನು ದಾಟಿ ಆ ಕಡೆ ನಿಂತು ಕೈ ಬೀಸುತ್ತಿದ್ದಳು: "ಏ ತಂಗೀ, ನಾ ಫಾರಿನ್ನಿಗೆ ಬಂದೇನಿ ನೋಡ ಬೇ!"

ಭಾವ ಚೀಟಿಯನ್ನೂ ಫೈಲನ್ನೂ ಹಿಂದಿನ ಸೀಟಿನ ಮೇಲಿಟ್ಟರು. ಕೈಗೆ ಕೊಡುವ ರೂಢಿ ಇಲ್ಲವಲ್ಲ. ಚೀಟಿ ಹಾಕಲು ಫೈಲು ತೆರೆದರೆ ಮೇಲೆಯೇ ಪಾಲಿಸಿ. ಏಳನೆಯ ಇಯತ್ತೆಯಲ್ಲಿ ಕಲಿತ ಇಂಗ್ಲಿಷಿನಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಇಂಡಿಯಾ ಎಂದಿತ್ತು. ನೇಪಾಳದ ಹೆಸರು ಎಲ್ಲೂ ಇರಲಿಲ್ಲ.

ಜೀಪು ಹೊರಟಿತು. ನೆಗೆಣ್ಣಿ ಆಗಲೇ ಪರದೇಶದಲ್ಲಿದ್ದಳು. ಜೀಪಿನಲ್ಲಿ ಕಂಬವಿಲ್ಲ. ರೊಟ್ಟಿಯ ಚೀಲಕ್ಕೆ ಹೇಳಿ ನೋಡಿದೆ. ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಸುಮ್ಮನಿದ್ದರೆ ನಾಳೆ ಪಶುಪತಿನಾಥ. ಬಾಯಿ ಬಿಟ್ಟರೆ ಬಹುಶಃ ಇಲ್ಲಿಂದಲೇ ವಾಪಸ್. ಆದರೆ ಆ ಸಂದಣಿಯಲ್ಲಿ ಸೈಕಲ್ಲಿನವರು, ಕೂಸು ಎತ್ತಿಕೊಂಡವರು ಜೀಪಿಗೆ ಒರಸಿಕೊಂಡೇ ಹೋಗುತ್ತಿದ್ದರು.

"ಭಾವ, ಗಾಡಿ ನಿಂದರಸ್ರಿ."

ಅವರು ಬ್ರೇಕ್ ಒತ್ತಿದ ರೀತಿಗೆ ರೊಟ್ಟಿ ಅರ್ಧ ಪುಡಿಯಾದವು. ಯಾರಿಗೋ ಗಾಡಿ ಬಡಿದಿದೆ ಎಂದುಕೊಂಡರಂತೆ. ಇನ್ಶೂರೆನ್ಸ್ ವಿಷಯ ಹೇಳಿದೆ. ಅವರು ಹಿಂದೆ ತಿರುಗಲಿಲ್ಲ, ಸ್ಟೇರಿಂಗಿಗೆ ಹೇಳಿದರು: "ದಿನಾ ಅಕ್ಕಲಕೋಟಕ್ಕ ಹೋಗಿ ಬರ್ತೇವಿ. ಯಾವನರೆ ಕೇಳ್ಯಾನೇನು?"

"ಅದು ಮಹಾರಾಷ್ಟ್ರರಿ. ಇದು ಬ್ಯಾರೆ ದೇಶ."

ಜೇವರ್ಗಿಗೆ ಫೋನು ಹಚ್ಚಿದರು. ಆ ಕಡೆಯ ಮಾತು ನನಗೂ ಕೇಳಿಸಿತು. "ಅವತ್ತ ಹೇಳೀನಲ್ರಿ ಭಾವ! ಇವತ್ತ ಐತವಾರ, ಆಫೀಸ್ ಬಂದ್. ಈಗೇನೂ ಆಗೂದಿಲ್ಲ."

"ನನಗ ಯಾರ್ ಹೇಳ್ಯಾರ?" ಎಂದು ಭಾವ ಗುಡುಗಿದರು.

"ಕಂಬಕ್ಕ ಹೇಳೀನ್ರಿ" ಎಂದೆ.

ಭಾವ ಫೋನು ಜೇಬಿಗಿಟ್ಟರು. ಆಮೇಲೆ ಜೀಪನ್ನು ಹಿಂದಕ್ಕೆ ತಿರುಗಿಸಿ, ಈ ಕಡೆಯೇ ಒಂದು ಶೆಡ್ಡಿನಲ್ಲಿ ನಿಲ್ಲಿಸಿ, ಆ ಕಡೆಯವರದೇ ಒಂದು ಬಾಡಿಗೆ ಗಾಡಿ ಗೊತ್ತು ಮಾಡಿದರು. ತಮ್ಮನ ಹೆಸರಿನಲ್ಲಿ ಹೊರಟವರು, ವಾಪಸ್ ಹೋಗುವ ಮಾತನ್ನೇ ಎತ್ತಲಿಲ್ಲ. ಕಮಾನು ದಾಟಿ ವಾಪಸ್ ಬಂದ ನೆಗೆಣ್ಣಿಗೆ ಇನ್ಶೂರೆನ್ಸ್ ಕಥೆ ಬೇಕಿರಲಿಲ್ಲ. "ಮಾತಾಡಿದ್ಯಂತಲ್ಲ ಬೇ! ದನಿ ಹ್ಯಾಂಗಿತ್ತು?" ಎಂದು ನನ್ನ ತೋಳು ಚಿವುಟಿದಳು.

ಹತ್ತುವ ಮೊದಲು ಭಾವ ಆ ಡ್ರೈವರನ ಇನ್ಶೂರೆನ್ಸ್ ಕಾಗದ ಕೇಳಿ ಪಡೆದು ಹೆಂಡತಿಯ ಕೈಗಿಟ್ಟರು: "ಓದಿ ನೋಡಂತ ಹೇಳು." ನೇಪಾಳಿ ಅಕ್ಷರ ಮರಾಠಿ ಲಿಪಿಯಂತೆಯೇ ಇದ್ದುದರಿಂದ ಓದಿದೆ. ಎಲ್ಲ ಸರಿ, ಇಸವಿ ಮಾತ್ರ ನಮ್ಮದಕ್ಕಿಂತ ಐವತ್ತಾರೇಳು ವರ್ಷ ಮುಂದಿತ್ತು. ಅವರ ಪಂಚಾಂಗವೇ ಹಾಗೆ ಎಂದು ಡ್ರೈವರ್ ನಕ್ಕ. ಭಾವನಿಗೆ ಪೂರ್ತಿ ಸಮಾಧಾನವಾಯಿತು. "ನಾವು ಸತ್ತ ಮ್ಯಾಲೂ ನಡೀತದ. ಹತ್ತಂತ ಹೇಳು."

ಗುಡಿಯಲ್ಲಿ ನಿಮ್ಮ ಅಜ್ಜನ ಹೆಸರು ನಾನೇ ಹೇಳಿದೆ, ದೇವರಿಗೆ ನೇರವಾಗಿ.

ಊರಿಗೆ ಬಂದ ಮೇಲೆ ಮತ್ತೆ ಕಂಬವೇ. ಆದರೆ ನಾನು ಈಗ ಅದರ ಹತ್ತಿರ ಹೋಗಿ ನಿಂತರೆ, ಭಾವ ಮೊದಲು ಮೊಬೈಲು ಬಂದ್ ಮಾಡುತ್ತಾರೆ.